ಸುಬಾರು ಮತ್ತೆ ಮೂಲ ಸಾಫ್ಟ್‌ವೇರ್‌ಗೆ: ಸ್ಮಾಗ್ ಚೆಕ್ ಪಾಸಾಗುವವರೆಗಿನ ಡೈರಿ

ಮಾರ್ಚ್ 2, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ನನ್ನ 2011ರ ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರು ಇವತ್ತು ಸ್ಮಾಗ್ ಚೆಕ್‌ನಲ್ಲಿ, ಅಂದರೆ ಇಲ್ಲಿನ ಎಮಿಷನ್ ಟೆಸ್ಟ್‌ನಲ್ಲಿ, ಫೇಲಾಯಿತು. ತುಂಬಾ ಬೇಜಾರಾಯಿತು. ಇಂಜಿನ್ ಚೆನ್ನಾಗಿದೆ, ಹೊಗೆ ಇಲ್ಲ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕಾರಿನ ಜೊತೆ ಬಂದದ್ದೇ ಇದೆ. ಒಂದೂವರೆ ವರ್ಷದ ಹಿಂದೆ ಹೊಸ ಏರ್ ಇಂಟೇಕ್ (ಇಂಜಿನ್‌ಗೆ ಗಾಳಿ ಒಯ್ಯುವ ಪೈಪು) ಹಾಕಿ, ಅದಕ್ಕೆ ಹೊಂದುವ ಟ್ಯೂನ್, ಅಂದರೆ ಇಂಜಿನ್ ಕಂಪ್ಯೂಟರಿಗೆ ಬದಲಾಯಿಸಿದ ಸಾಫ್ಟ್‌ವೇರ್ ಕೂಡ ಹಾಕಿದ್ದೆ. 'ಕ್ಯಾಟ್ ಇದ್ದರೆ ಸಾಕು, ಪಾಸಾಗುತ್ತೆ' ಅಂತ ಆಗ ಒಂದು ಅಂಗಡಿಯವರು ಹೇಳಿದ್ದರು. ಅದು ತಪ್ಪು.

ಯಾಕೆ ತಪ್ಪು ಅಂತ ಸರಿಯಾಗಿ ಬರೆದಿಡುತ್ತೇನೆ. ಬೆಂಗಳೂರಿನಲ್ಲಿ ಎಮಿಷನ್ ಟೆಸ್ಟ್ ಅಂದರೆ ಪೆಟ್ರೋಲ್ ಬಂಕ್ ಪಕ್ಕದ ವ್ಯಾನಿನವರು ಸೈಲೆನ್ಸರ್ ಒಳಗೆ ಕೊಳವೆ ತೂರಿಸಿ ಹೊಗೆ ಅಳೆಯುವುದು, ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ 2000ನೇ ಮಾಡೆಲ್‌ನಿಂದ ಈಚಿನ ಪೆಟ್ರೋಲ್ ಕಾರುಗಳಿಗೆ 2015ರಿಂದ ಕೊಳವೆಯೇ ಇಲ್ಲ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಕೇಬಲ್ ಚುಚ್ಚಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ಚೆಕ್ ಇಂಜಿನ್ ಲೈಟ್ ಹತ್ತಿದೆಯಾ? ದೋಷ ತೋರಿಸುವ ಕೋಡ್ ಏನಾದರೂ ಇದೆಯಾ? ನಿನ್ನ ಒಳಗಿನ ಪರೀಕ್ಷೆಗಳನ್ನೆಲ್ಲ ಓಡಿಸಿ ಮುಗಿಸಿದ್ದೀಯಾ? ಚಾಸಿ ನಂಬರ್ ಯಾವುದು?

ಜೊತೆಗೆ ಇನ್ನೊಂದು ಪ್ರಶ್ನೆ: ನಿನ್ನ ಸಾಫ್ಟ್‌ವೇರ್ ಯಾವುದು? ಇಂಜಿನ್ ಕಂಪ್ಯೂಟರ್ ತನ್ನ ಸಾಫ್ಟ್‌ವೇರನ್ನು ತಾನೇ ಲೆಕ್ಕ ಹಾಕಿ ಸಿವಿಎನ್ ಎಂಬ ಒಂದು ನಂಬರ್ ಕೊಡುತ್ತದೆ. ಪೆಟ್ರೋಲ್ ಎಷ್ಟು ಬಿಡಬೇಕು ಎಂಬ ಪಟ್ಟಿಯಲ್ಲಿ ಒಂದೇ ಅಂಕಿ ಬದಲಾದರೂ ಆ ನಂಬರ್ ಬದಲಾಗುತ್ತದೆ. 2021ರ ಜುಲೈ 19ರಿಂದ, ಸ್ಮಾಗ್ ಚೆಕ್ ನಡೆಸುವ ರಾಜ್ಯದ ಇಲಾಖೆ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಇದನ್ನೂ ನೋಡುತ್ತಿದೆ. ಕಾರು ಕಂಪನಿಯ ಸಾಫ್ಟ್‌ವೇರ್ ಇರಬೇಕು, ಇಲ್ಲವೇ ರಾಜ್ಯದ ವಾಯು ಮಾಲಿನ್ಯ ನೋಡಿಕೊಳ್ಳುವ ಏರ್ ರಿಸೋರ್ಸಸ್ ಬೋರ್ಡ್ ಒಪ್ಪಿದ್ದಿರಬೇಕು. ಎರಡೂ ಅಲ್ಲದಿದ್ದರೆ ಫೇಲ್. ಹೊಗೆ ಎಷ್ಟು ಶುದ್ಧ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಕಾರು ತನ್ನ ಬಗ್ಗೆ ತಾನೇ ಹೇಳುವುದನ್ನು ನಂಬಿ ನಡೆಯುವ ಪರೀಕ್ಷೆ ಇದು. ಹೇಳುವ ಸಾಫ್ಟ್‌ವೇರನ್ನೇ ಬದಲಾಯಿಸಿದ್ದರೆ ನಂಬುವುದು ಹೇಗೆ? ಯೋಚಿಸಿದಾಗ ನನಗೂ ಸರಿ ಅನ್ನಿಸಿತು.

ಇಂಟೇಕ್ ಕೂಡ ಫೇಲ್. ಬಾನೆಟ್ ಎತ್ತಿ ಕಣ್ಣಲ್ಲಿ ನೋಡುವ ತಪಾಸಣೆ ಈಗಲೂ ಇದೆ. ಹೊರಗಿನ ಇಂಟೇಕ್ ಆದರೆ ಅದರ ಮೇಲೆ ಬೋರ್ಡ್ ಕೊಟ್ಟ, 'ಡಿ' ಅಕ್ಷರದಿಂದ ಶುರುವಾಗುವ ಆದೇಶದ ನಂಬರ್ ಬೇಕು. ಆ ಆದೇಶದಲ್ಲಿ ನಮ್ಮ ಕಾರಿನ ವರ್ಷ, ಇಂಜಿನ್ ಎರಡೂ ಇರಬೇಕು. ನನ್ನದರಲ್ಲಿ ನಂಬರೇ ಇರಲಿಲ್ಲ.

ಮಾರ್ಚ್ 7

ಶನಿವಾರ ಪೂರ್ತಿ ಗ್ಯಾರೇಜಿನಲ್ಲಿ. ಕಾರಿನ ಜೊತೆ ಬಂದಿದ್ದ ಇಂಟೇಕ್ ಪೈಪು, ಏರ್ ಫಿಲ್ಟರ್ ಪೆಟ್ಟಿಗೆಯನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದು ಒಳ್ಳೆಯದಾಯಿತು. ನೀವೂ ಬಿಚ್ಚಿದ ಭಾಗ ಯಾವುದನ್ನೂ ಮಾರಬೇಡಿ.

ಪೈಪು ಮತ್ತು ಟ್ಯೂನ್ ಎರಡನ್ನೂ ಒಂದೇ ದಿನ ಬದಲಾಯಿಸಬೇಕು, ನಡುವೆ ಕಾರು ಓಡಿಸಬಾರದು. ಒಳಗೆ ಹೋಗುವ ಗಾಳಿ ಅಳೆಯುವ ಸೆನ್ಸರ್ ಇಂಟೇಕ್ ಪೈಪಿನಲ್ಲೇ ಕೂತಿರುತ್ತದೆ. ಅಗಲ ಪೈಪಿನಲ್ಲಿ ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ. ಅದನ್ನು ಸರಿದೂಗಿಸಲೆಂದೇ ಟ್ಯೂನಿನಲ್ಲಿ ಲೆಕ್ಕ ಬದಲಿಸಿರುತ್ತಾರೆ. ಅಗಲ ಪೈಪಿಗೆ ಮೂಲ ಸಾಫ್ಟ್‌ವೇರ್ ಹಾಕಿದರೆ ಪೆಟ್ರೋಲ್ ಸಾಲದು. ಟರ್ಬೊ ಇಂಜಿನ್‌ಗೆ ಅದು ಅಪಾಯ. ಸಣ್ಣ ಪೈಪಿಗೆ ಟ್ಯೂನ್ ಉಳಿಸಿಕೊಂಡರೆ ಪೆಟ್ರೋಲ್ ಜಾಸ್ತಿ.

ಟ್ಯೂನ್ ಹಾಕಿದ ಯಂತ್ರದಲ್ಲೇ ಮೂಲ ಸಾಫ್ಟ್‌ವೇರ್ ಪ್ರತಿ ಇತ್ತು. ಅನ್‌ಇನ್‌ಸ್ಟಾಲ್ ಒತ್ತಿದೆ, ಅದೇ ವಾಪಸ್ ಬಂತು. ಆದರೆ ಕಂಪ್ಯೂಟರಿನ ನೆನಪೆಲ್ಲ ಖಾಲಿ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ, ಎಲ್ಲ ಮಾನಿಟರ್‌ಗಳೂ (ಕಾರು ತಾನೇ ಓಡಿಸುವ ಒಳಗಿನ ಪರೀಕ್ಷೆಗಳು) 'ಮುಗಿದಿಲ್ಲ' ಅಂತ ತೋರಿಸುತ್ತಿವೆ.

ಮಾರ್ಚ್ 10

ಚೆಕ್ ಇಂಜಿನ್ ಲೈಟ್ ಹತ್ತಿತು. ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಹುಡುಕಿದರೆ ಸೆನ್ಸರ್ ಮತ್ತು ಟರ್ಬೊ ನಡುವಿನ ಹೋಸಿನ ಕ್ಲ್ಯಾಂಪ್ ಸಡಿಲವಾಗಿತ್ತು. ನಾನೇ ಬಿಗಿ ಮಾಡುವುದು ಮರೆತಿದ್ದೆ. ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಬಿಗಿ ಮಾಡಿ, ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದೆ. ಮಾನಿಟರ್‌ಗಳೆಲ್ಲ ಮತ್ತೆ ಸೊನ್ನೆಯಿಂದ ಶುರು.

ಸಾಮಾನ್ಯ ಕೋಡ್ ಹೋಯಿತು, ಪರ್ಮನೆಂಟ್ ಕೋಡ್ ಉಳಿಯಿತು. ಅದನ್ನು ಸ್ಕ್ಯಾನರ್ ಅಳಿಸಲಾರದು, ಬ್ಯಾಟರಿ ತೆಗೆದರೂ ಹೋಗದು. ಆ ಭಾಗ ಸರಿಯಾಗಿದೆ ಅಂತ ಕಾರೇ ಪರೀಕ್ಷಿಸಿ ನೋಡಿದ ಮೇಲೆ ತಾನಾಗಿ ಹೋಗಬೇಕು. 2010ರಿಂದ ಈಚಿನ ಮಾಡೆಲ್‌ಗಳಿಗೆ ಈ ಕೋಡ್ ಇದ್ದರೂ ಫೇಲ್. ಒಂದು ವಿನಾಯಿತಿ ಇದೆ: ಕೋಡ್ ಅಳಿಸಿದ ಮೇಲೆ 200 ಮೈಲಿ ಓಡಿ, ಇಂಜಿನ್ 15 ಸಲ ತಣ್ಣಗಿಂದ ಬಿಸಿಯಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮ್ನೆ ಆಫ್ ಮಾಡಿ ಆನ್ ಮಾಡಿದರೆ ಅದು ಒಂದು ಸಲ ಅಂತ ಆಗುವುದಿಲ್ಲ. ಕೂಲಂಟ್ ಕನಿಷ್ಠ 22 ಡಿಗ್ರಿ ಸೆಲ್ಸಿಯಸ್ ಏರಿ 71 ಡಿಗ್ರಿ ಮುಟ್ಟಬೇಕು.

ಮಾರ್ಚ್ 15

ಮಾನಿಟರ್‌ಗಳು ಓಡಲೆಂದು ಭಾನುವಾರ ಬೆಳಗ್ಗೆ 280 ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ಯಾನ್ ಮಟೇಯೊವರೆಗೆ ಹೋಗಿ ಬಂದೆ. ಪಕ್ಕದಲ್ಲಿ ಕೆರೆ, ಮಂಜು, ರಸ್ತೆ ಖಾಲಿ. ಮನೆಗೆ ಬಂದು ಸ್ಕ್ಯಾನರ್ ಹಾಕಿದರೆ ಕ್ಯಾಟಲಿಸ್ಟ್ ಮಾನಿಟರ್ ಮುಗಿದಿತ್ತು! ಎಷ್ಟು ಖುಷಿಯಾಯಿತೋ.

ಮಾರ್ಚ್ 19

ಪರ್ಮನೆಂಟ್ ಕೋಡ್ ತಾನಾಗಿ ಹೋಗಿದೆ. ಪೆಟ್ರೋಲ್ ಆವಿಯ ಮಾನಿಟರ್ ಮಾತ್ರ ಬಾಕಿ. ಅದಕ್ಕೆ ಟ್ಯಾಂಕ್ ತೀರಾ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ರಾತ್ರಿಯೆಲ್ಲ ಕಾರು ತಣ್ಣಗೆ ನಿಂತಿರಬೇಕು. 2000ದ ಈಚಿನ ಪೆಟ್ರೋಲ್ ಕಾರಿಗೆ ಇದೊಂದು ಬಾಕಿ ಇದ್ದರೂ ನಡೆಯುತ್ತದೆ. ಹಾಗಾಗಿ ಕಾಯಲಿಲ್ಲ.

ಮಾರ್ಚ್ 20

ಪಾಸ್. ಕೇಬಲ್ ಚುಚ್ಚಿ ತೆಗೆಯಲು ಕೆಲವೇ ನಿಮಿಷ.

ಕಾರು ಮೊದಲಿನಷ್ಟು ಚುರುಕಿಲ್ಲ, ನಿಜ. ನಮ್ಮ ವರ್ಷ ಮತ್ತು ಇಂಜಿನ್‌ಗೆ ಆದೇಶದ ನಂಬರ್ ಇರುವ ಇಂಟೇಕ್ ಹುಡುಕುತ್ತಿದ್ದೇನೆ. ಮೂಲ ಸಾಫ್ಟ್‌ವೇರ್ ಜೊತೆಗೇ ಓಡುವಂಥದ್ದು ಬೇಕು. ಅದಕ್ಕೂ ಮೊದಲು ಸಸ್ಪೆನ್ಶನ್ ಕೆಲಸ. ಸ್ಪ್ರಿಂಗಿಗೂ ಸ್ಮಾಗ್ ಚೆಕ್‌ಗೂ ಸಂಬಂಧವಿಲ್ಲ. ಹಿಂದಿನ ಎರಡು ಬುಷ್ ಸವೆದಿವೆ, ಹೊಸವನ್ನು ಆರ್ಡರ್ ಮಾಡಿದ್ದೇನೆ.