ಕತ್ತರಿ ಮುಟ್ಟದ ಬಟ್ಟೆ

ಶಿವಮೊಗ್ಗದ ದುರ್ಗಿಗುಡಿಯ ನನ್ನ ಹೊಲಿಗೆ ಅಂಗಡಿಗೆ ಬರುವ ಸೀರೆಗಳಿಗೆ ಉದ್ದಕ್ಕೂ ಅಂಚು ಗಟ್ಟಿ, ಎರಡು ತುದಿ ಮಾತ್ರ ಬಿಡಿ. ನೂಲು ಬಿಚ್ಚಿಕೊಳ್ಳಬಾರದೆಂದು ಒಂದು ತುದಿ ಮಡಚಿ ಹೊಲಿಯುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಹಳೆಯ ನೇಕಾರರಿಗೆ ಈ ಕೆಲಸವೇ ಇರಲಿಲ್ಲ. ಹಾಸಿನ ನೂಲನ್ನು, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ನೂಲನ್ನು ಕತ್ತರಿಸದೆ, ಎರಡೂ ತುದಿಯಲ್ಲಿ ಕುಣಿಕೆಯಾಗಿಯೇ ಉಳಿಸಿಕೊಂಡು ನೇಯುತ್ತಿದ್ದರು. ಹಾಗಾಗಿ ಬಟ್ಟೆಗೆ ನಾಲ್ಕೂ ಕಡೆ ಅಂಚು. ಮುಂದೆ ಅಲ್ಲಿ ಸಾಮ್ರಾಜ್ಯ ಕಟ್ಟಿದ ಇಂಕಾ ಜನರ ಅಂಗಿಗಳಲ್ಲಿ ಕತ್ತಿನ ಸೀಳು ಕೂಡ ಮಗ್ಗದಲ್ಲೇ ಆಗುತ್ತಿತ್ತು. ದಿನವಿಡೀ ಕತ್ತರಿ ಹಿಡಿಯುವ ನನಗೆ ಇದಕ್ಕಿಂತ ದೊಡ್ಡ ಬೆರಗು ಬೇರೆ ಇಲ್ಲ.

ಪೆರುವಿನ ಪರಾಕಾಸ್ ಮರಳುಗಾಡಿನಲ್ಲಿ 1927-28ರಲ್ಲಿ ಪುರಾತತ್ವಜ್ಞ ಹುಲಿಯೊ ಟೆಲ್ಲೊ ಅವರ ತಂಡ 429 ಶವದ ಗಂಟುಗಳನ್ನು ಹೊರತೆಗೆಯಿತು. ಎರಡು ಸಾವಿರ ವರ್ಷ ಹಳೆಯವು. ದೊಡ್ಡ ಗಂಟುಗಳಲ್ಲಿ ಶವಕ್ಕೆ ಪದರದ ಮೇಲೆ ಪದರವಾಗಿ ಬಟ್ಟೆ ಸುತ್ತಿದ್ದರು. ಆ ಹೊದಿಕೆಗಳ ಫೋಟೋಗಳನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೇನೆ. ಹಾರುವ ಮನುಷ್ಯನ ಒಂದೇ ಆಕೃತಿ ಸಾಲುಸಾಲಾಗಿ ಬರುತ್ತದೆ. ಆದರೆ ಬಣ್ಣದ ಜೋಡಣೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಾ ಓರೆಯಾಗಿ ಸಾಗುತ್ತದೆ. ಕೆಲವು ಹೊದಿಕೆಗಳ ಕಸೂತಿ ಮುಗಿದೇ ಇಲ್ಲ, ಹಾಗೇ ಮಣ್ಣಿಗೆ ಹೋಗಿವೆ. ಎಷ್ಟು ಕೈಗಳು ಸೇರಿ ಕೂತು ಹಾಕಿದ ಹೊಲಿಗೆಯೋ! ಒಂಟಿ ಹೆಂಗಸಿನ ಕೆಲಸವಂತೂ ಅಲ್ಲ.

ಇಂಕಾಗಳ ಕಾಲಕ್ಕೆ ಬಟ್ಟೆಯೇ ರಾಜ್ಯಭಾರದ ಸಾಧನವಾಯಿತು. ಕುಂಬಿ ಎಂಬ ಅತಿ ನಯವಾದ ಬಟ್ಟೆಯನ್ನು ಸೂರ್ಯನಿಗೆಂದು ಬೆಂಕಿಗೆ ಅರ್ಪಿಸುತ್ತಿದ್ದರು. ಸೈನಿಕರಿಗೆ ಕೊಡುತ್ತಿದ್ದುದು ಬಟ್ಟೆ. ಸೋತ ಊರಿನ ಒಡೆಯನಿಗೂ ಬಟ್ಟೆಯೇ. ಅದನ್ನು ಸ್ವೀಕರಿಸಿದನೆಂದರೆ ಅಧೀನನಾದ ಎಂದರ್ಥ. 1532ರಲ್ಲಿ ಇಂಕಾಗಳ ಊರು ಕಹಮಾರ್ಕಾಕ್ಕೆ ನುಗ್ಗಿದ ಸ್ಪೇನಿನವರಿಗೆ ಸೂರಿನವರೆಗೆ ಬಟ್ಟೆ ಪೇರಿಸಿದ ಮನೆಗಳು ಕಂಡವು. ಅವರ ಕಣ್ಣು ಮಾತ್ರ ಚಿನ್ನದ ಮೇಲೆ.

ನಮ್ಮ ಸಾಗರದ ಕಡೆ ನಾಟಿಗೆ ಮುಯ್ಯಾಳು ಬರುವುದುಂಟು. ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು. ಆಂಡೀಸ್ ಹಳ್ಳಿಗಳಲ್ಲೂ ಐನಿ ಅಂತ ಇಂಥದ್ದೇ ಕೊಡುಕೊಳ್ಳುವಿಕೆ ಇದೆ. ಇಂಕಾ ದೊರೆ ಅದನ್ನೇ ತನ್ನ ಕಡೆಗೆ ಬಗ್ಗಿಸಿಕೊಂಡ: ಉಣ್ಣೆ ಅರಮನೆಯದು, ಕೈ ಹಳ್ಳಿಯವರದು, ನೇಯ್ದ ಬಟ್ಟೆ ಮತ್ತೆ ಅರಮನೆಗೆ. ಮುಯ್ಯಿ ಎಂದರೆ ಇಬ್ಬರೂ ಸಮ. ಅಲ್ಲಿ ಸಮ ಇರಲಿಲ್ಲ. ಕುಂಬಿ ನೇಯಲು ಎಳೆಯ ಹುಡುಗಿಯರನ್ನು ಮನೆಯಿಂದ ಕರೆದೊಯ್ದು ಅಕ್ಲಾವಾಸಿ ಎಂಬ ಮನೆಗಳಲ್ಲಿ ಇಡುತ್ತಿದ್ದರು. ಆ ಚೆಂದದ ಅಂಗಿಗಳನ್ನು ಹೊಗಳುವಾಗ ಈ ಮಕ್ಕಳನ್ನು ಬಿಟ್ಟು ಮಾತಾಡುವುದು ನನಗೆ ಸರಿಕಾಣುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಇಂಕಾ ನೇಕಾರರ ಕೆಂಪು ಬರುತ್ತಿದ್ದುದು ಪಾಪಾಸುಕಳ್ಳಿಯ ಮೇಲೆ ಬದುಕುವ ಪುಟ್ಟ ಹುಳದಿಂದ. ಅಡಿಕೆ ಬೇಯಿಸಿದ ಚೊಗರಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ ಎಂದು ಬೈಯುತ್ತಾ ಬೆಳೆದವಳು ನಾನು. ಅದೇ ಚೊಗರಿನಲ್ಲಿ ಹೆಗ್ಗೋಡಿನ ಬಳಿಯ ಚರಕ ಎಂಬ ಕೈಮಗ್ಗ ಸಂಘದವರು ನೂಲು ಅದ್ದುತ್ತಾರೆ.

ಪೆರುವಿನ ಟಿಟಿಕಾಕಾ ಸರೋವರದ ಟಾಕಿಲೆ ದ್ವೀಪದಲ್ಲಿ ಗಂಡಸರು ಇವತ್ತಿಗೂ ನಡೆಯುತ್ತಲೇ ಟೊಪ್ಪಿ ಹೆಣೆಯುತ್ತಾರೆ. ಮದುವೆ ಆಗಿದೆಯೋ ಇಲ್ಲವೋ ಎಂಬುದು ಟೊಪ್ಪಿಯ ಬಣ್ಣದಲ್ಲೇ ಗೊತ್ತಾಗುತ್ತದೆ. ಆ ಕಲೆಯನ್ನು ಯುನೆಸ್ಕೊ 2005ರಲ್ಲಿ ಗುರುತಿಸಿತು. ಅಲ್ಲಿ ಟೊಪ್ಪಿ ಮೊದಲು ಏರುವುದು ಹೆಣೆದವನ ತಲೆಗೇ.