ಹೊಸಬ್ರು ಬರ್ಲಿ, ಕೊಡ್ತೀನಿ

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಈ ಲೆಕ್ಕ ಬಾಯಿಪಾಠ. ಬಾಡಿಗೆ ಎಷ್ಟೋ ಅದರ ಹತ್ತರಷ್ಟು ಅಡ್ವಾನ್ಸ್. ಈಗ ಕೆಲವರು ಐದು ತಿಂಗಳು, ಆರು ತಿಂಗಳಿನದ್ದು ಸಾಕು ಅನ್ನುತ್ತಾರೆ. ಆದರೆ 2009ರಲ್ಲಿ ನಾವು ಹೊಸದಾಗಿ ಮದುವೆಯಾಗಿ ಬಂದಾಗ ಹನುಮಂತನಗರದ ಓನರ್ ಅಂಕಲ್ ಹತ್ತು ಅಂದರೆ ಹತ್ತೇ. ಬಾಡಿಗೆ 5,000, ಅಡ್ವಾನ್ಸ್ 50,000. ಯಜಮಾನರ ಸಂಬಳ ಆಗ 12,000. ಇನ್ನು ಐವತ್ತು ಸಾವಿರ ಎಲ್ಲಿಂದ ತರುವುದು?

ಬಂದದ್ದು ತಿಪಟೂರು ಹತ್ತಿರದ ನಮ್ಮ ಊರಿನ ಅಟ್ಟದಿಂದ. ನಿಜವಾಗಿಯೂ ಅಟ್ಟದಿಂದಲೇ. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕಾಯಿ ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು, ಆಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ಅಪ್ಪ ಆ ವರ್ಷ ರೇಟು ಏರಲಿ ಅಂತ ಕಾಯುತ್ತಿದ್ದರು. ನನಗೋಸ್ಕರ ಕಾಯದೆ ಮಾರಿಬಿಟ್ಟರು. "ಎಲ್ಲೂ ಹೋಗಲ್ಲ ಬಿಡು, ಮನೆ ಬಿಡೋವಾಗ ವಾಪಸ್ ಬರೋ ದುಡ್ಡು ತಾನೆ" ಅಂದರು.

ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಐವತ್ತು ಸಾವಿರ ಓನರ್ ಅಂಕಲ್ ಬೀರುವಿನಲ್ಲಿ ಒಂದು ಕವರಿನೊಳಗೆ ಇದೆ, ಕವರಿನ ಮೇಲೆ "ಕೆಳಗಡೆ ಮನೆ" ಅಂತ ಬರೆದಿದೆ, ನಾವು ಖಾಲಿ ಮಾಡುವ ದಿನ ಅದನ್ನು ತೆಗೆದು ಕೊಡುತ್ತಾರೆ. ಎಷ್ಟು ಪೆದ್ದಿ ನಾನು!

ಆ ಮನೆಯಲ್ಲಿ ಐದು ವರ್ಷ ಇದ್ದೆವು. ಅಗ್ರಿಮೆಂಟ್ ಮಾತ್ರ ಹನ್ನೊಂದು ತಿಂಗಳಿನದ್ದು, ಯಾಕೆಂದರೆ ಒಂದು ವರ್ಷಕ್ಕಿಂತ ಜಾಸ್ತಿ ಅವಧಿ ಬರೆದರೆ ರಿಜಿಸ್ಟರ್ ಮಾಡಿಸಬೇಕು, ಅದರ ಖರ್ಚು ಯಾರಿಗೆ ಬೇಕು. ಹಾಗಾಗಿ ಹನ್ನೊಂದು ತಿಂಗಳಿಗೊಮ್ಮೆ ಅಂಕಲ್ ಛಾಪಾ ಕಾಗದ ತರುತ್ತಿದ್ದರು, ಬಾಡಿಗೆ ಶೇ. 5 ಏರುತ್ತಿತ್ತು, ಆಂಟಿ ಕಾಫಿ ಕೊಡುತ್ತಿದ್ದರು. ಒಳ್ಳೆಯ ಜನ. ಹಬ್ಬಕ್ಕೆ ಒಬ್ಬಟ್ಟು ಬರುತ್ತಿತ್ತು. ಆದರೆ ಗೋಡೆಗೆ ಮೊಳೆ ಹೊಡೆಯುವ ವಿಷಯ ಬಂದರೆ ಮಾತ್ರ ಆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ನಾವು ಖಾಲಿ ಮಾಡಿದ ದಿನ ಜೇಬಿನಿಂದ ಬಾಲ್ ಪೆನ್ ತೆಗೆದು, ಒಂದೊಂದು ರೂಮಿಗೂ ಹೋಗಿ, ಪ್ರತಿ ತೂತಿನ ಸುತ್ತ ಒಂದೊಂದು ಸೊನ್ನೆ ಸುತ್ತುತ್ತಾ ಬಂದರು. ನಾನು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿಂದೆ ಹಿಂದೆ. "ಇದು ನಾವು ಹೊಡೆದಿದ್ದಲ್ಲ ಅಂಕಲ್, ಬರೋ ಮುಂಚೇನೇ ಇತ್ತು." "ಯಾವುದಮ್ಮ, ಇದಾ?" ಅಂತ ಬಗ್ಗಿ ನೋಡಿ, ಆ ಸೊನ್ನೆ ಮೇಲೆ ಒಂದು ಗೀಟು ಹಾಕಿದರು. ಕೊನೆಗೆ ಒಂಬತ್ತು ಸೊನ್ನೆ ಉಳಿದವು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೇಗಿದ್ದರೂ ಹಿಡಿಯುತ್ತಾರೆ. ಹಾಗಿದ್ದ ಮೇಲೆ ಈ ಎಣಿಕೆ ಯಾಕೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದೂ ಅಲ್ಲದೆ ಸುಣ್ಣ ಹೊಡೆಯುವ ಗೋಡೆಗೆ ಪೆನ್ನಿನಲ್ಲಿ ಗೀಚಿದವರು ಅವರೇ ಅಲ್ವಾ?

ಉಳಿದ ದುಡ್ಡು ಇಪ್ಪತ್ತು ದಿನ ಬಿಟ್ಟು ಬಂತು. ಯಾಕೆ ಇಪ್ಪತ್ತು ದಿನ ಅಂತ ಆಗ ಕೇಳಲಿಲ್ಲ.

ನಾಗರಭಾವಿಯ ಎರಡನೇ ಮನೆಗೆ ಬಾಡಿಗೆ 11,000, ಅಡ್ವಾನ್ಸ್ 1,10,000. ಆ ಮನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬೆಳಕಿತ್ತು, ಗಾಳಿಯಿತ್ತು, ಎದುರಿಗೆ ಒಂದು ಹೊಂಗೆಮರ ಇತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಒಂದೊಂದು ಸಲ ಮೂರು ದಿನಕ್ಕೊಮ್ಮೆ. ಸಂಪು ಚಿಕ್ಕದು. ಬೇಸಿಗೆಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಡ್ರಮ್ಮು, ಬಕೆಟ್ಟು, ಪಾತ್ರೆ, ಕೊನೆಗೆ ಮಗನ ವಾಟರ್ ಬಾಟಲ್ ತನಕ ತುಂಬಿಸಿಕೊಳ್ಳಬೇಕಿತ್ತು.

2019ರಲ್ಲಿ ಕೆಂಗೇರಿಯಿಂದ ಆಚೆ ಒಂದು 20×30 ಸೈಟಿನಲ್ಲಿ ನಾವೇ ಮನೆ ಕಟ್ಟುತ್ತಿದ್ದೆವು. ಶ್ರಾವಣದಲ್ಲಿ ಗೃಹಪ್ರವೇಶ. ಟೈಲ್ಸಿನವನಿಗೆ, ಗ್ರಿಲ್ಲಿನವನಿಗೆ ಕೊಡಲು ಆ 1,10,000 ಬೇಕೇ ಬೇಕು. ಎರಡು ತಿಂಗಳು ಮುಂಚೆಯೇ ಹೇಳಿದ್ದೆವು. ಓನರ್ ಆಂಟಿ ತುಂಬಾ ಸಮಾಧಾನವಾಗಿ, ಸೊಪ್ಪು ಬಿಡಿಸುತ್ತಾ, "ಆಯ್ತಮ್ಮ, ಹೊಸಬ್ರು ಬರ್ಲಿ, ಕೊಡ್ತೀನಿ" ಅಂದರು.

ಅಂದರೆ ದುಡ್ಡು ಬೀರುವಿನಲ್ಲಿ ಇಲ್ಲ. ಅವರ ಮಗಳ ಮದುವೆಗೋ, ಮೇಲಿನ ಫ್ಲೋರಿನ ಸೆಂಟ್ರಿಂಗಿಗೋ ಎಂದೋ ಹೋಗಿದೆ. ನಮ್ಮ ಅಡ್ವಾನ್ಸಿನಿಂದ ಹಿಂದಿನವರದ್ದು ತೀರಿಸಿದ್ದಾರೆ, ನಮ್ಮದನ್ನು ಮುಂದಿನವರದ್ದರಿಂದ ತೀರಿಸುತ್ತಾರೆ. ಹನುಮಂತನಗರದ ಇಪ್ಪತ್ತು ದಿನ ಆಗ ಅರ್ಥವಾಯಿತು.

ಆಷಾಢ ಬೇರೆ. ಆಷಾಢದಲ್ಲಿ ಯಾರು ಮನೆ ಬದಲಾಯಿಸುತ್ತಾರೆ? ನೋಡಲು ಬರುವವರೇ ಕಡಿಮೆ. ಹಾಗಾಗಿ ನಾನೇ ನನ್ನ ಮನೆಗೆ ಬ್ರೋಕರ್ ಆದೆ, ಅದೂ ಕಮಿಷನ್ ಇಲ್ಲದ ಬ್ರೋಕರ್. ಗೇಟಿಗೆ "ಮನೆ ಬಾಡಿಗೆಗೆ ಇದೆ" ಬೋರ್ಡ್ ಕಟ್ಟಿದವಳು ನಾನು, ಕೆಳಗೆ ನನ್ನದೇ ನಂಬರು. ಯಾರಾದರೂ ಫೋನ್ ಮಾಡಿದರೆ ಒಣಗಿ ಹಾಕಿದ ಒಳಬಟ್ಟೆಗಳನ್ನು ಬಾಚಿ ಬೀರುವಿಗೆ ತುರುಕಿ, ಊದುಬತ್ತಿ ಹಚ್ಚಿ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಒಂದು ಭಾನುವಾರ ಗಂಡ ಹೆಂಡತಿ ಬಂದರು. ಹಾಸನದ ಕಡೆಯವರು, ಆ ಹುಡುಗಿಗೆ ಏಳು ತಿಂಗಳು. ಮನೆಯೆಲ್ಲ ನೋಡಿ, ಅಡುಗೆಮನೆಯಲ್ಲಿ ನಿಂತು ನಲ್ಲಿ ತಿರುಗಿಸಿ, "ಅಕ್ಕ, ನೀರಿಗೇನೂ ತೊಂದರೆ ಇಲ್ಲ ಅಲ್ವಾ?" ಅಂದಳು. ಅವತ್ತು ನೀರು ಬಂದಿತ್ತು. ನಲ್ಲಿ ಸೊರ್ ಅಂತ ಸುರಿಯುತ್ತಿತ್ತು. "ಕಾವೇರಿ ನೀರು" ಅಂದೆ. ಅಷ್ಟೇ ಅಂದೆ. ಸುಳ್ಳಂತೂ ಅಲ್ಲ. ಡ್ರಮ್ಮುಗಳನ್ನು ಬೆಳಗ್ಗೆಯೇ ಯುಟಿಲಿಟಿಯ ಮೂಲೆಗೆ ತಳ್ಳಿ ಹಳೇ ಬೆಡ್‌ಶೀಟ್ ಹೊದಿಸಿದ್ದೆ ಅನ್ನುವುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂಜೆಗೇ ಅವರು ಆಂಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟರು. ನಮ್ಮ ದುಡ್ಡು ಎರಡು ಕಂತಿನಲ್ಲಿ ಕೈಗೆ ಬಂತು, ಪೇಂಟಿಂಗಿನ ಒಂದು ತಿಂಗಳು ಕಳೆದು.

ಈಗ ಇನ್ನೊಂದು ಕಡೆಯ ಕಥೆ.

ಮನೆ ಕಟ್ಟಿದವರಿಗೆ ಗೊತ್ತು, ಬ್ಯಾಂಕ್ ಲೋನ್ ಗೋಡೆ ಏಳುವಷ್ಟರಲ್ಲೇ ಮುಗಿದಿರುತ್ತದೆ. ಬಾಗಿಲು, ವೈರಿಂಗು, ಬೋರ್‌ವೆಲ್ಲು, ಸಂಪು ಎಲ್ಲ ಬಾಕಿ. ಮೇಸ್ತ್ರಿಯೇ ದಾರಿ ತೋರಿಸಿದ್ದು: "ಕೆಳಗಡೇದು ಭೋಗ್ಯಕ್ಕೆ ಹಾಕ್ಬಿಡಿ ಮೇಡಂ." ಬೆಂಗಳೂರಿನ ಆಚೆ ಇರುವವರಿಗೆ ಹೇಳಿಬಿಡುತ್ತೇನೆ. ಭೋಗ್ಯ ಅಂದರೆ ತಿಂಗಳ ಬಾಡಿಗೆ ಇಲ್ಲ. ಒಂದು ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಇರುತ್ತಾರೆ, ಹೋಗುವಾಗ ಅಷ್ಟನ್ನೂ ವಾಪಸ್ ಕೊಡಬೇಕು. ಜನ ಇದನ್ನು ಲೀಸ್ ಅಂತಲೂ ಅನ್ನುತ್ತಾರೆ. ನಮಗೆ ಸಿಕ್ಕಿದ್ದು 7 ಲಕ್ಷ. ಗಂಡ, ಹೆಂಡತಿ, ಒಬ್ಬ ಮಗಳು. ಆ ದುಡ್ಡು ಬಂದ ಎರಡೇ ವಾರದಲ್ಲಿ ಬೋರ್ ಕೊರೆಸಿ, ಬಡಗಿಗೆ ಕೊಟ್ಟು, ಬೆಸ್ಕಾಂ ಮೀಟರ್ ಎರಡು ಹಾಕಿಸಿ, ಉಳಿದದ್ದು ಎಲ್ಲಿ ಹೋಯಿತು ಅಂತಲೂ ತಿಳಿಯಲಿಲ್ಲ.

ಯಜಮಾನರು ಒಂದು ರಾತ್ರಿ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದರು. ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 9,000 ಬರುತ್ತಿತ್ತು, ವರ್ಷಕ್ಕೆ 1,08,000. ಅದನ್ನು ಬಿಟ್ಟುಕೊಟ್ಟು 7 ಲಕ್ಷ ತೆಗೆದುಕೊಂಡಿದ್ದೇವೆ, ಅಂದರೆ ನೂರಕ್ಕೆ ಹದಿನೈದು ರೂಪಾಯಿ ಬಡ್ಡಿ ಕಟ್ಟಿದ ಹಾಗೆ. ಹೋಮ್ ಲೋನಿಗಿಂತ ಎಷ್ಟೋ ದುಬಾರಿ. "ಲಾಭ ಅವರಿಗೆ ಕಣೇ" ಅಂದರು. ಲಾಭವೇನೋ ಸರಿ, ಆದರೆ ಅವರು ಏಳು ಲಕ್ಷವನ್ನು ನಮ್ಮ ಮುಖ ನೋಡಿ ಕೊಟ್ಟಿದ್ದಾರೆ, ಲೋನ್ ಇರುವ ಮನೆ ಮೇಲೆ. ಓನರ್ ಕಂತು ಕಟ್ಟದೆ ಬ್ಯಾಂಕಿನವರು ಬಂದು ನೋಟಿಸ್ ಅಂಟಿಸಿ, ಭೋಗ್ಯದವರು ಬೀದಿಗೆ ಬಂದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಅವರೂ ಕೇಳಿರುತ್ತಾರೆ. ಕೊರೊನಾ ಬಂದಾಗ ಅಕ್ಕಪಕ್ಕದ ಓನರ್‌ಗಳಿಗೆಲ್ಲ ಬಾಡಿಗೆ ನಿಂತುಹೋಯಿತು, ಎಷ್ಟೋ ಜನ ಬೀಗ ಹಾಕಿ ಊರಿಗೆ ಹೋದರು. ನಮಗೆ ಆ ಚಿಂತೆ ಇರಲಿಲ್ಲ, ನಿಲ್ಲಲು ಬಾಡಿಗೆಯೇ ಇಲ್ಲವಲ್ಲ. ಮೂರು ವರ್ಷ ಮುಗಿದಾಗ ಅವರಾಗಿಯೇ ಇನ್ನೂ ಇರುತ್ತೇವೆ ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಅವತ್ತು ಪಾಯಸ ಮಾಡಿ ಕೆಳಗೆ ಕೊಟ್ಟೆ.

2024ರ ಬೇಸಿಗೆ ಎಲ್ಲರಿಗೂ ನೆನಪಿರಬೇಕು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿದ ವರ್ಷ. ನಮ್ಮ ಬೋರ್ ಫೆಬ್ರವರಿಯಲ್ಲೇ ಗಾಳಿ ಉಗುಳಲು ಶುರು ಮಾಡಿತು. 6,000 ಲೀಟರಿನ ಟ್ಯಾಂಕರಿಗೆ ಹತ್ತಿರದ ಜಾಗಕ್ಕಾದರೆ 600 ರೂಪಾಯಿ ಅಂತ ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತು, ಪೇಪರಿನಲ್ಲಿ ಓದಿದೆವು. ನಮ್ಮ ಟ್ಯಾಂಕರ್ ಹುಡುಗ ಪೇಪರ್ ಓದುವುದಿಲ್ಲ ಅಂತ ಕಾಣುತ್ತದೆ, ಅವನು 1,200ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಎರಡು ಮನೆಗೂ ಸೇರಿ ವಾರಕ್ಕೆ ಒಂದು ಟ್ಯಾಂಕರ್. ನಾನು ದಿನಾ ಸಂಪಿನ ಮುಚ್ಚಳ ಎತ್ತಿ ಇಣುಕುತ್ತಿದ್ದೆ, ಕೆಳಗಡೆ ವಾಷಿಂಗ್ ಮಷಿನ್ ಸದ್ದು ಕೇಳಿದರೆ ಎದೆ ಧಸಕ್ ಅನ್ನುತ್ತಿತ್ತು.

ಏಪ್ರಿಲ್ ಮೊದಲ ವಾರ ಕೆಳಗಡೆ ಭೋಗ್ಯಕ್ಕಿದ್ದ ಹುಡುಗಿ ಮೇಲೆ ಬಂದಳು. ಮಗಳ ಸ್ಕೂಲು ದೂರ, ನೀರಿನದ್ದೂ ಕಷ್ಟ, ಶಾಲೆ ಶುರುವಾಗುವ ಮುಂಚೆ ಖಾಲಿ ಮಾಡುತ್ತೇವೆ. "ಅಕ್ಕ, ದುಡ್ಡಿನ ವಿಷಯ..."

ಬಾಯಿಂದ ಹೇಗೆ ಬಂತೋ, ಬಂದೇಬಿಟ್ಟಿತು. "ಹೊಸಬ್ರು ಬರ್ಲಿ, ಕೊಡ್ತೀನಿ."

ಅವಳು ಏನೂ ಅನ್ನಲಿಲ್ಲ. "ಆಯ್ತು ಅಕ್ಕ" ಅಂತ ಇಳಿದು ಹೋದಳು. ನಾನು ಒಂದರ್ಧ ಗಂಟೆ ಸುಮ್ನೆ ಕೂತಿದ್ದೆ.

ಕಾನೂನು ಏನಾದರೂ ಇದೆಯಾ ಅಂತ ಯಜಮಾನರು ಅವರ ವಕೀಲ ಸ್ನೇಹಿತರನ್ನು ಕೇಳಿದರು, ಕೊಡದಿರಲು ಅಲ್ಲ, ಎಷ್ಟು ದಿನ ಟೈಮ್ ಸಿಗುತ್ತದೆ ಅಂತ. ಅವರು ಹೇಳಿದ್ದು ಕೇಳಿ ನಗು ಬಂತು. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ವಾಸದ ಮನೆಗಳು ಅದರೊಳಗೆ ಬರುವುದೇ ಇಲ್ಲ. 3,500ಕ್ಕೆ ಈಗ ಕಾರ್ ನಿಲ್ಲಿಸುವ ಶೆಡ್ ಸಿಕ್ಕರೆ ಪುಣ್ಯ. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಬರೆದಿದೆ, ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಮ್ಮದು ಅಂತ ಮಾಡಿಕೊಂಡರೆ ಉಂಟು. ನಮ್ಮ ಬೀದಿಯಲ್ಲಂತೂ ಅದರ ಹೆಸರನ್ನೇ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಸರಿ, ಗೇಟಿಗೆ ಬೋರ್ಡ್ ಬಿತ್ತು. ನೋಡಲು ಬಂದವರಿಗೆ ಮನೆ ತೋರಿಸುವುದು ಕೆಳಗಡೆ ಹುಡುಗಿ. ಒಂದು ದಿನ ನಾನು ತುಳಸಿ ಗಿಡಕ್ಕೆ ಪಾತ್ರೆ ತೊಳೆದ ನೀರು ಹಾಕುತ್ತಿದ್ದೆ, ಕೆಳಗಿನಿಂದ ಮಾತು ಸ್ಪಷ್ಟವಾಗಿ ಕೇಳಿಸಿತು. ಬಂದವರು ಕೇಳಿದರು, "ನೀರು ಹೇಗೆ ಮೇಡಂ?"

ನಾನು ಚೊಂಬು ಹಿಡಿದುಕೊಂಡು ಹಾಗೇ ನಿಂತೆ.

"ಬೋರ್ ಬತ್ತಿದೆ ಸಾರ್. ಟ್ಯಾಂಕರ್ ಹಾಕಿಸ್ತಾರೆ, ಆದ್ರೆ ಸಾಲಲ್ಲ, ಬಕೆಟ್ ಲೆಕ್ಕದಲ್ಲೇ ಇರ್ಬೇಕು. ಓನರ್ ಅಕ್ಕ ಒಳ್ಳೆಯವರು. ಮಳೆ ಬಂದ್ರೆ ಸರಿಹೋಗ್ಬೋದು."

ಅವರು ಹೋದರು. ಮತ್ತೆ ಫೋನ್ ಬರಲಿಲ್ಲ. ನನಗೆ ಎಂಥ ಸಿಟ್ಟು ಬಂತು ಅಂದರೆ ಕೆಳಗೆ ಹೋಗಿ ಕೇಳಿಬಿಡೋಣ ಅನ್ನಿಸಿತು. ನಿಮಗೆ ಏಳು ಲಕ್ಷ ಬೇಕೋ ಬೇಡವೋ? ಕಾವೇರಿ ಬರುತ್ತೆ ಅಂದಿದ್ದರೆ ಆಗುತ್ತಿತ್ತಲ್ಲ, ಕಾವೇರಿ ಯೋಜನೆಯ ಐದನೇ ಹಂತದ ಪೈಪಿಗೆ ರಸ್ತೆ ಅಗೆದಿರುವುದು ಕಣ್ಣಿಗೇ ಕಾಣುತ್ತಿದೆ. ಮೆಟ್ಟಿಲ ತನಕ ಹೋದೆ ಕೂಡ. ಅಲ್ಲಿ ಅವಳ ಎರಡು ನೀಲಿ ಡ್ರಮ್ಮುಗಳು, ಯಾರು ಬಂದರೂ ಕಾಲಿಗೆ ತಾಗುವ ಹಾಗೆ ಬಾಗಿಲ ಪಕ್ಕದಲ್ಲೇ ಇದ್ದವು. ಬೆಡ್‌ಶೀಟು ಗಿಡ್‌ಶೀಟು ಏನೂ ಹೊದಿಸಿರಲಿಲ್ಲ. ವಾಪಸ್ ಹತ್ತಿ ಬಂದೆ. ಹಾಸನದ ಆ ಹುಡುಗಿ ಬಾಣಂತನ ಆ ಮನೆಯಲ್ಲಿ ಹೇಗೆ ಮಾಡಿಕೊಂಡಳೋ ಏನೋ.

ಹೊಸಬರು ಬರಲಿಲ್ಲ. ಮೇನಲ್ಲಿ 5 ಲಕ್ಷದ ಚೀಟಿಯನ್ನು 3,80,000ಕ್ಕೆ ಕೂಗಿ ಎತ್ತಿದೆವು, 1,20,000 ಕಣ್ಣೆದುರೇ ಹೋಯಿತು. ನನ್ನ ಬಳೆ, ಅವಲಕ್ಕಿ ಸರ ಅಡ ಇಟ್ಟು 2,50,000. ಇನ್ನು 70,000 ಅಲ್ಲಿ ಇಲ್ಲಿ. ಏಳು ಲಕ್ಷ ಕೊಟ್ಟ ದಿನ ಅವಳು ಎಣಿಸಲಿಲ್ಲ, ಅವಳ ಗಂಡ ಎಣಿಸಿದರು. ಗೋಡೆಯಲ್ಲಿ ಎಷ್ಟು ಮೊಳೆ ಇದ್ದವು ಅಂತ ನಾನೂ ನೋಡಲಿಲ್ಲ. ಆಮೇಲೆ ಪೇಂಟ್ ಹೊಡೆಯುವವನು ಹೇಳಿದ, ಹದಿನೇಳು. ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಈಗ ಕೆಳಗಡೆ ಬಾಡಿಗೆಗೆ ಇದ್ದಾರೆ, ತಿಂಗಳಿಗೆ 12,000. ಮೂರು ತಿಂಗಳ ಅಡ್ವಾನ್ಸ್ ಸಾಕು ಅಂದೆ. ಪಕ್ಕದ ಮನೆ ಓನರ್ "ನೀವು ಹೀಗೆ ಮಾಡಿದ್ರೆ ನಮ್ಗೂ ಅಷ್ಟೇ ಕೊಡ್ತಾರೆ" ಅಂತ ಮುಖ ಊದಿಸಿಕೊಂಡಿದ್ದಾರೆ. ಗೃಹಜ್ಯೋತಿಗೆ ಹಳಬರ ಆಧಾರ್ ಬಿಡಿಸಿ ಹೊಸಬರದ್ದು ಸೇರಿಸಲು ಒಂದು ದಿನ ರಜ ಹಾಕಿ ಓಡಾಡಿದ್ದೂ ಆಯಿತು, ಅದು ಬೇರೆಯೇ ಕಥೆ.

ಆ 36,000 ನನ್ನ ಹೆಸರಿನಲ್ಲಿ ಎಫ್‌ಡಿ ಮಾಡಿಸಿದೆ. ಹೋದ ವಾರ ಸಂಪಿನ ಮೋಟರ್ ಸುಟ್ಟುಹೋಯಿತು. ಯಜಮಾನರು ಅದನ್ನು ಬಿಚ್ಚಿ, ಕೈಯೆಲ್ಲ ಗ್ರೀಸ್ ಮಾಡಿಕೊಂಡು ಮೇಲೆ ಬಂದು, "ಆ ಅಡ್ವಾನ್ಸ್ ದುಡ್ಡು ಸುಮ್ನೆ ಬಿದ್ದಿದೆಯಲ್ಲ, ಆಮೇಲೆ ಹಾಕಿದ್ರಾಯ್ತು" ಅಂದರು. ಎಫ್‌ಡಿ ಕಾಗದ ಎಲ್ಲಿಟ್ಟಿದ್ದೀಯ ಅಂತ ಎರಡು ದಿನದಿಂದ ಕೇಳುತ್ತಲೇ ಇದ್ದಾರೆ. ನಾನು ಹೇಳಿಲ್ಲ.