ತೂತು ನೋಡಿ ಮಣಿ ಕೊಳ್ಳಿ: ರತನ್‌ಪುರ, ಖಂಬಾತ್, ಲೋಥಲ್

ಮಣಿ ಕೊಳ್ಳುವಾಗ ಬಣ್ಣ ನೋಡುತ್ತೇವೆ, ಹೊಳಪು ನೋಡುತ್ತೇವೆ. ಸರ ಹರಿಯುವುದು ಮಾತ್ರ ತೂತಿನ ಬಾಯಲ್ಲಿ. ಗುಜರಾತಿನ ಅಕೀಕು (ಅಗೇಟ್ ಕಲ್ಲು) ಮಣಿಯ ಹಾದಿ ಹಿಡಿದು ಹೊರಟರೆ ಈ ಮಾತು ಊರೂರಿಗೂ ಗಟ್ಟಿಯಾಗುತ್ತದೆ. ಕಲ್ಲು ಹುಟ್ಟುವ ರತನ್‌ಪುರ, ಅದು ಮಣಿಯಾಗುವ ಖಂಬಾತ್, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇದೇ ಕಸುಬು ನಡೆದಿದ್ದ ಹರಪ್ಪ ಕಾಲದ ಊರು ಲೋಥಲ್, ಈ ಮೂರಕ್ಕೆ ಮೂರು ದಿನ ಇಟ್ಟುಕೊಳ್ಳಬೇಕು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಒಳ್ಳೆಯದು. ಬೇಸಗೆಯ ಬಿಸಿಲಿನಲ್ಲಿ ಲೋಥಲ್‌ನ ಬಯಲು ಸುತ್ತುವುದು ಕಷ್ಟ.

ರತನ್‌ಪುರ ಇರುವುದು ಭರೂಚ್ ಜಿಲ್ಲೆಯ ಝಗಡಿಯಾ ಕಡೆ, ರಾಜ್‌ಪಿಪ್ಲಾ ಗುಡ್ಡಗಳ ಅಂಚಿನಲ್ಲಿ. ಗುಡ್ಡದ ಮೇಲೆ ಬಾವಾ ಗೋರ್ ದರ್ಗಾ ಇದೆ. ಆಫ್ರಿಕಾದಿಂದ ಬಂದ ಈ ಸಂತನೇ ಅಕೀಕಿನ ವ್ಯಾಪಾರಕ್ಕೆ ಮೂಲ ಎಂದು ಐತಿಹ್ಯ; ಸಿದ್ದಿ ಜನರಿಗೆ ಇದು ಮುಖ್ಯ ಕ್ಷೇತ್ರ. ನೆಲದಿಂದ ತೆಗೆದ ಕಲ್ಲು ನೋಡಿದರೆ ನಿರಾಸೆಯಾಗುತ್ತದೆ. ಬೂದು, ಮಾಸಲು ಹಳದಿ, ಮೇಲೊಂದು ಒರಟು ಸಿಪ್ಪೆ. ಕೆಂಪು ಎಲ್ಲಿಯೂ ಕಾಣದು. ಆ ಕೆಂಪು ಬರುವುದು ಬೆಂಕಿಯಿಂದ. ಕಲ್ಲನ್ನು ತಿಂಗಳುಗಟ್ಟಲೆ ಬಿಸಿಲಿಗೆ ಹಾಕಿ, ಆಮೇಲೆ ಮಣ್ಣಿನ ಮಡಕೆಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ನೀರು ಕಳೆದುಕೊಂಡು ಕೆಂಪಗಾಗುತ್ತದೆ. ಅವಸರದಿಂದ ಕಾಯಿಸಿದರೆ ಒಳಗಿನ ತೇವ ಆವಿಯಾಗಿ ಕಲ್ಲು ಸೀಳುತ್ತದೆ. ಬಿಸಿ ಆರುವ ಮೊದಲೇ ಮಡಕೆ ತೆರೆದರೂ ಅದೇ ಗತಿ. ಸಿದ್ಧ ಮಣಿಯ ಒಳಗೆ ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅದು ಇಂಥ ಬಿರುಕಿರಬಹುದು. ಗೆರೆ ತೂತನ್ನು ಮುಟ್ಟಿದ್ದರೆ ಆ ಮಣಿ ಬಿಡಿ.

ಖಂಬಾತ್‌ಗೆ ಆಣಂದ್‌ನಿಂದ ಕವಲು ರೈಲು ಹಳಿ ಇದೆ. ಒಂದು ಕಾಲದ ದೊಡ್ಡ ಬಂದರು. ಹೂಳು ತುಂಬಿ ಹಡಗುಗಳು ನಿಂತವು, ಮಣಿ ಕೆಲಸ ನಿಲ್ಲಲಿಲ್ಲ. ಇಲ್ಲಿಯ ಹಳೆಯ ಚಕ್ಕೆ ಕೆಲಸ ನೋಡುವಂಥದ್ದು. ನೆಲಕ್ಕೆ ಓರೆಯಾಗಿ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಒತ್ತಿ ಹಿಡಿದು, ಎಮ್ಮೆ ಕೊಂಬಿನ ಸುತ್ತಿಗೆಯಿಂದ ಈಚೆ ಬದಿಗೆ ಮೆಲ್ಲಗೆ ತಟ್ಟುತ್ತಾರೆ. ಚಕ್ಕೆ ಏಳುವುದು ಆಚೆ ಬದಿಯಲ್ಲಿ, ಮೊನೆ ತಾಗಿದ ಕಡೆ. ಕೊಂಬು ಮೆತ್ತಗಿರುವುದರಿಂದ ಪೆಟ್ಟು ಹದವಾಗಿ ಬೀಳುತ್ತದೆ, ಕಲ್ಲು ಎರಡಾಗುವುದಿಲ್ಲ. ಆಮೇಲೆ ಉಜ್ಜುವುದು, ತೂತು ಕೊರೆಯುವುದು, ಹೊಳಪು ಕೊಡುವುದು.

ಕೊರೆಯುವ ಸಾಂಪ್ರದಾಯಿಕ ಉಪಕರಣ ಬಿಲ್ಲಿನಿಂದ ತಿರುಗಿಸುವ ಉಕ್ಕಿನ ಕಡ್ಡಿ. ಅದರ ತುದಿಯಲ್ಲಿ ಎರಡು ವಜ್ರದ ಚೂರು. ನೀರು ಹನಿಸುತ್ತ ಅರ್ಧದವರೆಗೆ ಕೊರೆದು, ಮಣಿ ತಿರುಗಿಸಿ ಇನ್ನೊಂದು ಬದಿಯಿಂದ ಉಳಿದರ್ಧ. ಒಂದೇ ಕಡೆಯಿಂದ ಕೊರೆದರೆ ಕಡ್ಡಿ ಹೊರಬೀಳುವ ಕಡೆ ಬಾಯಿ ಚಕ್ಕೆ ಏಳುತ್ತದೆ. ಎರಡು ಕಡೆಯಿಂದ ಕೊರೆದರೆ ಬೇರೆ ತೊಂದರೆ: ಎರಡು ತೂತುಗಳು ನಡುವೆ ಸರಿಯಾಗಿ ಕೂಡದಿದ್ದರೆ ಅಲ್ಲೊಂದು ಮೆಟ್ಟಿಲು ಉಳಿಯುತ್ತದೆ. ಸೂಜಿ ಸಿಕ್ಕಿಬೀಳುವುದು ಅಲ್ಲಿ, ದಾರ ಸವೆಯುವುದೂ ಅಲ್ಲಿಯೇ.

ಹೀಗಾಗಿ ಅಂಗಡಿಗೆ ಹೋಗುವಾಗ 0.8 ಮಿ.ಮೀ. ದಪ್ಪದ ನೇರ ತಂತಿಯ ತುಂಡೊಂದು ಜೇಬಿನಲ್ಲಿರಲಿ. ಮಣಿಯನ್ನು ಅದಕ್ಕೆ ಏರಿಸಿ. ತಡೆಯಿಲ್ಲದೆ ಸಾಗಬೇಕು. ತಂತಿಯನ್ನು ಬೆರಳುಗಳ ನಡುವೆ ಹೊರಳಿಸಿದಾಗ ಮಣಿ ಕುಣಿದರೆ ತೂತು ನಡುವಿನಲ್ಲಿಲ್ಲ. ಸರದಲ್ಲಿ ಆ ಮಣಿ ಸೊಟ್ಟಗೆ ಕೂರುತ್ತದೆ. 8 ಮಿ.ಮೀ. ಗುಂಡು ಮಣಿಗೆ 1 ಮಿ.ಮೀ. ಆಸುಪಾಸಿನ ತೂತು ಸಾಕು. ಒಂದೇ ಸರದೊಳಗೆ ತೂತಿನ ಅಳತೆ ಬೇರೆ ಬೇರೆ ಇದ್ದರೆ ಗಂಟು ಹಾಕಿ ಪೋಣಿಸುವ ಆಸೆ ಬಿಡುವುದೇ ವಾಸಿ. ಕೆಲವು ಗಂಟು ತೂತಿನೊಳಗೆ ಜಾರುತ್ತವೆ.

ಬಣ್ಣದ ಗುಟ್ಟನ್ನೂ ತೂತೇ ಬಿಟ್ಟುಕೊಡುತ್ತದೆ. ಕಣ್ಣು ಕುಕ್ಕುವ ಗುಲಾಬಿ, ನೀಲಿ ಅಕೀಕಿಗೆ ಬಣ್ಣ ಹಾಕಿರುತ್ತಾರೆ. ಅದು ತೂತಿನ ಸುತ್ತ, ಬಿರುಕಿನೊಳಗೆ ಕಡುವಾಗಿ ನಿಂತಿರುತ್ತದೆ. ಅಸಿಟೋನ್ ತಾಗಿಸಿದ ಹತ್ತಿಯಿಂದ ಒರೆಸಿದಾಗ ಹತ್ತಿಗೆ ಬಣ್ಣ ಹತ್ತಿದರೆ ಕುತ್ತಿಗೆಗೂ ಹತ್ತುತ್ತದೆ. ಅಕೀಕಿನ ಜಾತಿಯದೇ ಆದ ಕಪ್ಪು ಓನಿಕ್ಸ್‌ನ ಕಥೆ ಬೇರೆ. ಕಲ್ಲನ್ನು ಸಕ್ಕರೆ ನೀರಿನಲ್ಲಿ ನೆನೆಸಿ, ಗಂಧಕಾಮ್ಲದಲ್ಲಿ ಕಾಯಿಸಿದಾಗ ಒಳಗೆ ಇಳಿದ ಸಕ್ಕರೆ ಇಂಗಾಲವಾಗುತ್ತದೆ. ಆ ಕಪ್ಪು ಹೋಗುವುದಿಲ್ಲ, ನಿಶ್ಚಿಂತೆಯಿಂದ ಬಳಸಬಹುದು. ಇದನ್ನು ಮೋಸವೆಂದು ಕರೆಯುವುದು ಅತಿಯಾಯಿತು; ಕೆಂಪು ಕೂಡ ಬೆಂಕಿಯಲ್ಲಿ ಬರಿಸಿದ್ದೇ.

ಖಂಬಾತ್ ಬಳಿಯ ಶಕರ್‌ಪುರದಂಥ ಕೆಲಸಗಾರರ ಊರುಗಳಿಗೆ ಹೋಗುವುದಾದರೆ ಒಣ ಚಕ್ರದಲ್ಲಿ ಉಜ್ಜುವ ಕಡೆ ನಿಲ್ಲಬೇಡಿ. ಅಕೀಕು ಎಂದರೆ ಸಿಲಿಕಾ. ಅದರ ನುಣ್ಣನೆ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಈ ರೋಗ ಇಲ್ಲಿಯ ಎಷ್ಟೋ ಕುಟುಂಬಗಳನ್ನು ಹಿಂಡಿದೆ, ವಾಸಿ ಮಾಡುವ ಔಷಧವಿಲ್ಲ. ಮನೆಯಲ್ಲಿ ತೂತಿನ ಬಾಯಿ ನಯ ಮಾಡುವವರಿಗೂ ಇದೇ ಎಚ್ಚರಿಕೆ. ವಜ್ರದ ಪುಡಿ ಮೆತ್ತಿದ ಬೀಡ್ ರೀಮರ್ (ತೂತು ಉಜ್ಜುವ ಮೊನಚು ಕಡ್ಡಿ) ಬಳಸುವಾಗ ಮಣಿಯನ್ನೂ ರೀಮರಿನ ತುದಿಯನ್ನೂ ನೀರಿನ ಬಟ್ಟಲಲ್ಲಿ ಮುಳುಗಿಸಿಯೇ ಕೈಯಿಂದ ತಿರುಗಿಸಿ. ದೂಳು ಏಳುವುದಿಲ್ಲ, ಬಿಸಿಯಾಗಿ ಬಾಯಿ ಸಿಡಿಯುವುದೂ ಇಲ್ಲ. ಪ್ರತಿ ಬಾಯಿಗೆ ನಾಲ್ಕೈದು ಸುತ್ತು ಸಾಕು.

ಸಂಜೆ ವಸತಿಗೃಹದ ಮೇಜಿನ ಮೇಲೆ ಟವಲು ಹಾಸಿ, ಕೊಂಡ ಮಣಿಗಳನ್ನು ಅಲ್ಲೇ ಜೋಡಿಸಿ ನೋಡಿ. ಕೊರತೆ ಕಂಡರೆ ಬೆಳಿಗ್ಗೆ ಅಂಗಡಿ ಇನ್ನೂ ಹತ್ತಿರದಲ್ಲೇ ಇರುತ್ತದೆ. 45 ಸೆಂ.ಮೀ. ಸರದಲ್ಲಿ ಕೊಂಡಿಗೆ 2 ಸೆಂ.ಮೀ. ಬಿಟ್ಟರೆ 8 ಮಿ.ಮೀ. ಮಣಿ 53 ಹಿಡಿಸುತ್ತವೆ. ಮಣಿಮಣಿಗೂ ಗಂಟು ಹಾಕಿದರೆ 47 ಸಾಕು. 53 ಮಣಿಯ ತೂಕ 37 ಗ್ರಾಂ ಹತ್ತಿರ. 10 ಮಿ.ಮೀ. ಮಣಿ ಆರಿಸಿದರೆ ಅದೇ ಉದ್ದಕ್ಕೆ 58 ಗ್ರಾಂ, ದಿನವಿಡೀ ಹಾಕಿಕೊಳ್ಳಲು ಭಾರ. ಓಲೆಗೆ ಒಂದು ಕಿವಿಗೆ 12 ಮಿ.ಮೀ. ಮಣಿ ಒಂದೇ ಇರಲಿ. ಕೈಸರದ ಉದ್ದ ಮಣಿಕಟ್ಟಿನ ಸುತ್ತಳತೆಯಷ್ಟೇ ಇಟ್ಟರೆ ಕೂಡುವುದಿಲ್ಲ; ಮಣಿಯ ದಪ್ಪದ ಮೂರರಷ್ಟಕ್ಕಿಂತ ತುಸು ಹೆಚ್ಚು ಸೇರಿಸಬೇಕು. 16 ಸೆಂ.ಮೀ. ಕೈಗೆ 8 ಮಿ.ಮೀ. ಮಣಿಯಾದರೆ ಹದಿನೆಂಟೂವರೆ, ಸಡಿಲ ಬೇಕಿದ್ದರೆ 19.

ಗಂಟಿನ ಸರಕ್ಕೆ 0.6 ಮಿ.ಮೀ. ರೇಷ್ಮೆ ದಾರ, ಸರದ ಉದ್ದದ ಮೂರು ಪಟ್ಟು ಬೇಕು. ರೇಷ್ಮೆ ಹಿಗ್ಗುತ್ತದೆ, ಹಿಂದಿನ ರಾತ್ರಿಯೇ ಭಾರ ಕಟ್ಟಿ ತೂಗುಹಾಕದಿದ್ದರೆ ತಿಂಗಳೊಳಗೆ ಗಂಟುಗಳ ನಡುವೆ ದಾರ ಇಣುಕುತ್ತದೆ. ತೂತಿನ ಬಾಯಿ ಹರಿತವೆನಿಸಿದರೆ ರೇಷ್ಮೆ ಬೇಡ, 0.38 ಮಿ.ಮೀ. ಬೀಡಿಂಗ್ ವೈರ್ (ಮಣಿ ಪೋಣಿಸುವ ತೆಳು ಲೋಹದ ಎಳೆ) ಹಾಕಿ, 2 ಮಿ.ಮೀ. ಕ್ರಿಂಪಿನಿಂದ (ವೈರಿನ ತುದಿ ಹಿಡಿಯುವ ಪುಟ್ಟ ಲೋಹದ ಕೊಳವೆ) ಬಿಗಿಯಿರಿ. ಕ್ರಿಂಪನ್ನು ಮಾಮೂಲಿ ಪಕ್ಕಡದಿಂದ ಚಪ್ಪಟೆ ಮಾಡಿದರೆ ಅದರ ಅಂಚೇ ವೈರನ್ನು ಕತ್ತರಿಸುತ್ತದೆ. ಎರಡು ಗುಂಡಿಯ ಕ್ರಿಂಪ್ ಪಕ್ಕಡದಲ್ಲಿ ಮೊದಲು ನಡುವೆ ತಗ್ಗು ಮಾಡಿ, ಆಮೇಲೆ ಮಡಚಿ ದುಂಡಗೆ ಮಾಡಬೇಕು. ವೈರನ್ನು ಪೂರ್ತಿ ಎಳೆದು ಬಿಗಿದರೆ ಸರ ಕಡ್ಡಿಯಂತೆ ನಿಲ್ಲುತ್ತದೆ, 2 ಮಿ.ಮೀ. ಸಡಿಲ ಬಿಡಿ. ಬಾಯಿ ಚಕ್ಕೆ ಎದ್ದಿದ್ದರೂ ಬಿಡಲು ಮನಸ್ಸಾಗದ ಮಣಿಗೆ 6 ಮಿ.ಮೀ. ಹಿತ್ತಾಳೆ ಟೋಪಿ ಎರಡೂ ಕಡೆ ಕೂರಿಸಿದರೆ ಊನ ಅಲಂಕಾರವಾಗುತ್ತದೆ. ಪಟ್ಟೆಯ ಅಕೀಕಿನ ನಡುವೆ ಮಾತ್ರ ಹಿತ್ತಾಳೆ ಬೇಡ. ಪಟ್ಟೆಗಳೇ ಸಾಕಷ್ಟು ಮಾತಾಡುತ್ತವೆ.

ಖಂಬಾತ್‌ನಿಂದ ತಾರಾಪುರ, ವಟಾಮಣ್ ಮೇಲೆ ಹೋದರೆ ಲೋಥಲ್. 1954ರಲ್ಲಿ ಇದನ್ನು ಪತ್ತೆ ಮಾಡಿ, ಮರುವರ್ಷದಿಂದ ಅಗೆಸಿದವರು ನಮ್ಮವರೇ ಆದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಬಂದರುಕಟ್ಟೆ ನೋಡಲು ಎಲ್ಲರೂ ಓಡುತ್ತಾರೆ. ಮಣಿ ಕಾರ್ಖಾನೆಯ ಅಂಗಳ, ಸುತ್ತಲಿನ ಕೋಣೆಗಳ ತಳಪಾಯ, ಕುಲುಮೆ, ಇವುಗಳ ಮುಂದೆ ಜನವೇ ಇರುವುದಿಲ್ಲ. ಕೆಲಸದ ಬೇರೆ ಬೇರೆ ಹಂತದಲ್ಲಿ ನಿಂತುಹೋದ ಮಣಿಗಳು ಇಲ್ಲಿ ಸಿಕ್ಕಿವೆ. ಕೆಂಪು ಮಣಿಯ ಮೇಲೆ ಕ್ಷಾರದಿಂದ ಬರೆದು, ಸುಟ್ಟು ಬಿಳಿ ಗೆರೆ ಮೂಡಿಸುವ ವಿದ್ಯೆಯೂ ಅವರಿಗೆ ಗೊತ್ತಿತ್ತು. ಚಿನ್ನದ ಸೂಕ್ಷ್ಮ ಮಣಿಗಳ ಅಡ್ಡಳತೆ 0.25 ಮಿ.ಮೀ.ಗಿಂತಲೂ ಕಡಿಮೆ. ಮೇಲೆ ಹೇಳಿದ ಬೀಡಿಂಗ್ ವೈರೇ ಅದಕ್ಕಿಂತ ದಪ್ಪ. ತೂತಿನ ಮಾತು ಹಾಗಿರಲಿ.

ಉದ್ದ ಮಣಿ ಪೋಣಿಸುವವರಿಗೆ ಹರಪ್ಪ ಕಾಲದ ಡಾಬುಗಳಲ್ಲಿ ಒಂದು ಒಳ್ಳೆಯ ಉಪಾಯವಿದೆ. ಉದ್ದ ಕೆಂಪು ಮಣಿಗಳನ್ನು ಹಲವು ಎಳೆಯಾಗಿ ಇಟ್ಟು, ನಡುನಡುವೆ ಅಷ್ಟೇ ತೂತಿರುವ ಲೋಹದ ಪಟ್ಟಿಯಿಂದ ಎಳೆಗಳನ್ನು ಬೇರೆ ಹಿಡಿಯುತ್ತಿದ್ದರು. ಪಟ್ಟಿಯಿಲ್ಲದೆ ಎಳೆಗಳು ಒಂದರ ಮೇಲೊಂದು ಏರುತ್ತವೆ. ಮೂರೆಳೆಯ ಕೈಸರಕ್ಕೆ ಇಂಥ ನಾಲ್ಕು ಪಟ್ಟಿ ಸಾಕು. ಎರಡು ಪಟ್ಟಿಯ ನಡುವೆ ಮೂರೂ ಎಳೆಯ ಉದ್ದ ಒಂದೇ ಬರುವಂತೆ ಮಣಿಗಳನ್ನು ಮೊದಲೇ ಅಳೆದು ಇಟ್ಟುಕೊಳ್ಳಿ. ಲೋಥಲ್‌ನ ವಸ್ತುಸಂಗ್ರಹಾಲಯಕ್ಕೆ ಭೂತಗನ್ನಡಿ ಒಯ್ಯಿರಿ. ಶುಕ್ರವಾರ ಅದು ಮುಚ್ಚಿರುತ್ತದೆ.